ಮಧ್ಯಾಹ್ನ ಬ್ರೇಕ್ ಹಿಡಿಯದ ಕಾರು: ಎರಡು ಊರು, ಎರಡು ಲ್ಯಾಪ್‌ಟಾಪ್, ಒಂದು ಪ್ರಕರಣ

ಒಂದೇ ಮಾಡೆಲ್‌ನ ಎರಡು ಗೇಮಿಂಗ್ ಲ್ಯಾಪ್‌ಟಾಪ್. ಒಂದೇ ವಾರದಲ್ಲಿ ತಗೊಂಡಿದ್ದು. ಒಂದು ಬೆಳಗಾವಿಯ ಟಿಳಕವಾಡಿಯಲ್ಲಿದೆ, ಇನ್ನೊಂದು ವಿಜಯಪುರದ ಜಲನಗರದಲ್ಲಿ. ಎರಡರಲ್ಲೂ ಆಡೋದು ಒಂದೇ ಆಟ, ಅಸೆಟ್ಟೊ ಕೋರ್ಸಾ. ಆಡುವವರು ನನ್ನ ಇಬ್ಬರು ಕಾಕಾಗಳ ಮಕ್ಕಳು. ಹೆಚ್ಚುಕಡಿಮೆ ಒಂದೇ ವಯಸ್ಸು, ಇಬ್ಬರೂ ಇಂಜಿನಿಯರಿಂಗ್ ಓದುತ್ತಿದ್ದಾರೆ, ಅಂದರೆ ಓದೋದಕ್ಕೆ ಅಂತ ಹೇಳಿಯೇ ಮನೆಯಲ್ಲಿ ಲ್ಯಾಪ್‌ಟಾಪ್ ಕೊಡಿಸಿಕೊಂಡವರು. ಬೆಳಗಾವಿಯವನಿಗೆ ಯಾವ ತಕರಾರೂ ಇಲ್ಲ. ವಿಜಯಪುರದವನದು ಮಾತ್ರ ತಿಂಗಳುಗಟ್ಟಲೆ ಒಂದೇ ರಾಗ: "ಅಣ್ಣಾ, ಮಧ್ಯಾಹ್ನ ಆಡಿದ್ರ ಕಾರ್ ಬ್ರೇಕ್ ಹಿಡಿಯಂಗೇ ಇಲ್ಲ."

ಗೇಮ್ ಹ್ಯಾಂಗ್ ಆಗ್ತದೆ ಅಂತ ಅವನು ಒಮ್ಮೆಯೂ ಅನ್ನಲಿಲ್ಲ. ಅವನ ಪ್ರಕಾರ ಕಂಪ್ಯೂಟರ್ ಸರಿ ಇದೆ, ಕಾರೇ ಕೆಟ್ಟಿದೆ. ಅದಕ್ಕೇ ಸುತ್ತಮುತ್ತ ಇದ್ದವರೆಲ್ಲ ಕಾರನ್ನೇ ರಿಪೇರಿ ಮಾಡೋಕೆ ಕೂತರು.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಅಸೆಟ್ಟೊ ಕೋರ್ಸಾ ಇಟಲಿಯ ಕುನೋಸ್ ಸಿಮುಲಾಜಿಯೋನಿ ಅನ್ನೋ ಸ್ಟುಡಿಯೋ ಮಾಡಿದ್ದು. ಪಿಸಿಗೆ ಪೂರ್ತಿ ಬಿಡುಗಡೆ ಆಗಿದ್ದು 2014ರ ಡಿಸೆಂಬರ್‌ನಲ್ಲಿ. ಹಳೇ ಆಟವೇ. ಆದರೂ ಜನ ಬಿಟ್ಟಿಲ್ಲ, ಯಾಕಂದ್ರೆ ಹೊರಗಿನವರು ಮಾಡಿದ ಕಾರು, ಟ್ರ್ಯಾಕ್ ಎಲ್ಲ ಇದರಲ್ಲಿ ಸೇರಿಸಿಕೊಳ್ಳಬಹುದು. ಮತ್ತೆ ಇದು ಪೊಲೀಸರನ್ನ ಹಿಂದೆ ಹಚ್ಚಿಕೊಂಡು ಊರೆಲ್ಲ ಗುದ್ದಾಡುತ್ತಾ ಓಡೋ ಆಟ ಅಲ್ಲ. ಟೈರ್ ಎಷ್ಟು ಬಿಸಿ ಆಗಿದೆ, ಬ್ರೇಕ್ ಒತ್ತಿದಾಗ ಭಾರ ಎಷ್ಟು ಮುಂದಕ್ಕೆ ವಾಲಿತು, ರಸ್ತೆ ಎಷ್ಟು ಹಿಡೀತು, ಇದೆಲ್ಲದರ ಲೆಕ್ಕವನ್ನ ಸೆಕೆಂಡಿಗೆ 333 ಸಲ ಹಾಕುತ್ತಾ ಹೋಗುತ್ತದೆ. ಬ್ರೇಕ್ ಎರಡು ಮೀಟರ್ ತಡವಾಗಿ ಒತ್ತಿದರೂ ತಿರುವು ಸಿಗಲ್ಲ, ಮಣ್ಣಿಗೆ ಹೋಗ್ತೀರಿ. ಆಡುವವರಿಗೆ ಹುಚ್ಚು ಹಿಡಿಸೋದೂ ಇದೇ.

ಇಬ್ಬರೂ ಜಾಸ್ತಿ ಓಡಿಸೋದು ಮೊಂಜಾ ಟ್ರ್ಯಾಕ್. ಇಟಲಿಯ ನಿಜವಾದ ಟ್ರ್ಯಾಕ್ ಅದು, ಒಂದು ಸುತ್ತು 5.793 ಕಿಲೋಮೀಟರ್. ಕಾರು ಬಿಎಂಡಬ್ಲ್ಯು ಝಡ್4 ಜಿಟಿ3. ಮೊಂಜಾದಲ್ಲಿ ಶುರುವಿನ ನೇರ ರಸ್ತೆ ಉದ್ದಕ್ಕಿದೆ. ಅದರ ಕೊನೆಗೆ ಒಮ್ಮೆಲೇ ಬಲಕ್ಕೆ, ತಕ್ಷಣ ಎಡಕ್ಕೆ ತಿರುಗೋ ಇಕ್ಕಟ್ಟಾದ ಜಾಗ, ರೆತ್ತಿಫಿಲೊ ಅಂತ. 250ರ ಮೇಲಿನ ವೇಗದಿಂದ ಎರಡನೇ ಗೇರಿನ ವೇಗಕ್ಕೆ ಇಳಿಬೇಕು. ವಿಜಯಪುರದವನು ಬಿಡದೇ ಹೊರಗೆ ಹೋಗುತ್ತಿದ್ದದ್ದು ಇಲ್ಲೇ. ಬೆಳಿಗ್ಗೆ ಇದೇ ಜಾಗದಲ್ಲಿ ಅವನದು ಏನೂ ತಪ್ಪುತ್ತಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಕೂತರೆ ನಾಲ್ಕೈದು ಸುತ್ತು ಚೆನ್ನಾಗಿ ಹೋಗಿ, ಆಮೇಲೆ ಎರಡು ಸುತ್ತಿಗೊಮ್ಮೆ ಮಣ್ಣು.

ಈಗ ಯಾರ್ಯಾರು ಏನೇನು ಹೇಳಿದರು ಅಂತ ನೋಡಿ.

ಬೆಳಗಾವಿಯವನ ತೀರ್ಮಾನ ಸೀದಾ: "ನಿನಗ ಬ್ರೇಕ್ ಹೊಡ್ಯಾಕ ಬರಂಗಿಲ್ಲ, ಮಷಿನ್ನಿಗ್ಯಾಕ ಬೈತಿ?" ಓಣಿಯ ಗೆಳೆಯ ಒಬ್ಬ ಕಂಟ್ರೋಲರ್ ಹೋಗಿದೆ ಅಂದ. ಅವನ ಕಂಟ್ರೋಲರ್ ತಂದು ಆಡಿದರೂ ಅದೇ ಕತೆ. ಇನ್ನೊಬ್ಬ ಟ್ರ್ಯಾಕ್ ಹಿಡಿತದ ಸೆಟ್ಟಿಂಗ್ ಬದಲಾಗಿರಬೇಕು ಅಂದ. ಇದು ದಡ್ಡ ಮಾತಲ್ಲ, ಈ ಆಟದಲ್ಲಿ ರಸ್ತೆ ಧೂಳು ಹಿಡಿದಿದೆಯಾ, ಇನ್ನೂ ಪಳಗಿಲ್ಲವಾ, ಪೂರ್ತಿ ಹದಕ್ಕೆ ಬಂದಿದೆಯಾ ಅಂತ ಆರಿಸೋದಿದೆ, ಡಸ್ಟಿ ಇಟ್ಟರೆ ಕಾರು ನಿಜಕ್ಕೂ ಜಾರುತ್ತದೆ. ಆದರೆ ಇವನದು ಯಾವಾಗಲೂ ಆಪ್ಟಿಮಮ್‌ನಲ್ಲೇ, ಅಂದರೆ ಪೂರ್ತಿ ಹದದಲ್ಲೇ ಇತ್ತು. ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು. ಗೇಮ್ ಬೂಸ್ಟರ್ ಅನ್ನೋ ಯಾವುದೋ ಸಾಫ್ಟ್‌ವೇರ್ ಇಳಿಸಿಕೊಂಡ, ಅದು ಜಾಹೀರಾತು ತೋರಿಸಿದ್ದು ಬಿಟ್ಟರೆ ಮತ್ತೇನೂ ಮಾಡಲಿಲ್ಲ. ರಿಪೇರಿ ಅಂಗಡಿಯೊಂದಕ್ಕೆ ಒಯ್ದ. ಅಲ್ಲಿ ಎಸಿ ಹಾಕಿದ ಕೋಣೆಯ ಟೇಬಲ್ ಮೇಲೆ ಎರಡು ನಿಮಿಷದ ಟೆಸ್ಟ್ ಓಡಿಸಿ, ಎಲ್ಲ ಸರಿ ಇದೆ, ಆದರೂ ಬೋರ್ಡ್ ಒಮ್ಮೆ ಬದಲಿಸಿ ನೋಡಬಹುದು ಅಂದರಂತೆ. ಎಲ್ಲ ಸರಿ ಇದ್ದ ಮೇಲೆ ಬೋರ್ಡ್ ಯಾಕೆ ಬದಲಿಸಬೇಕು ಅಂತ ಕಾಕಾ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ.

ಇದರ ನಡುವೆ ದೀಪಾವಳಿಗೆ ವಿಜಯಪುರದವರು ಬೆಳಗಾವಿಗೆ ಹೋದರು, ಲ್ಯಾಪ್‌ಟಾಪ್ ಜೊತೆಗೇ. ಅಲ್ಲಿ ಎರಡೂ ಮಷಿನ್ ಅಕ್ಕಪಕ್ಕ ಟೇಬಲ್ ಮೇಲಿಟ್ಟು ರಾತ್ರಿಯೆಲ್ಲ ಓಡಿಸಿದ್ದಾರೆ. ಏನೂ ತೊಂದರೆ ಇಲ್ಲ! ಒಂದು ಸಲವೂ ಬ್ರೇಕ್ ಕೈಕೊಡಲಿಲ್ಲ. ಕಾಕಾನಿಗೆ ಖಾತ್ರಿ ಆಯಿತು, ವಿಜಯಪುರದ ಕರೆಂಟೇ ಸರಿ ಇಲ್ಲ, ವೋಲ್ಟೇಜ್ ಏರಿಳಿತ ಆಗ್ತಿದೆ ಅಂತ. ಊರಿಗೆ ಬಂದವರೇ ಒಂದು ಸ್ಟೆಬಿಲೈಸರ್ ತಂದು ಕೂರಿಸಿದರು.

ನೋಡೋಕೆ ಇದು ತರ್ಕಬದ್ಧವಾಗಿಯೇ ಇದೆ. ಅದೇ ಮಷಿನ್, ಅದೇ ಆಟ, ಊರು ಬದಲಾದರೆ ಸರಿ ಹೋಗುತ್ತದೆ ಅಂದರೆ ಊರಿನಲ್ಲೇ ಏನೋ ಇದೆ. ಅಲ್ಲಿವರೆಗೆ ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಲ್ಯಾಪ್‌ಟಾಪ್ ಅಡಾಪ್ಟರ್ ಹಿಂದೆ ಸಣ್ಣಕ್ಷರದಲ್ಲಿ ಬರೆದಿರೋದನ್ನ ಯಾರೂ ಓದಿರಲಿಲ್ಲ: 100-240 ವೋಲ್ಟ್. ಅಂದರೆ ಮನೆಯ ಕರೆಂಟ್ 230ರಿಂದ 180ಕ್ಕೆ ಇಳಿದರೂ ಅಡಾಪ್ಟರ್ ಆ ಕಡೆ ಲ್ಯಾಪ್‌ಟಾಪ್‌ಗೆ ಕೊಡೋದನ್ನ ಒಂದೇ ಸಮ ಕೊಡುತ್ತದೆ. ಸ್ಟೆಬಿಲೈಸರ್‌ಗೆ ಅಲ್ಲಿ ಕೆಲಸವೇ ಇಲ್ಲ. ಕರೆಂಟ್ ಪೂರ್ತಿ ಹೋದರೆ ಮಾತು ಬೇರೆ. ಬ್ಯಾಟರಿ ಮೇಲೆ ಬಂದ ಕೂಡಲೇ ಇಂಥ ಲ್ಯಾಪ್‌ಟಾಪ್‌ಗಳು ಗ್ರಾಫಿಕ್ಸ್ ಚಿಪ್‌ನ ಪವರ್ ತಾವೇ ಕಡಿಮೆ ಮಾಡಿಕೊಳ್ಳುತ್ತವೆ, ಆಗ ಆಟ ದೊಪ್ಪನೆ ಬೀಳುತ್ತದೆ. ಆದರೆ ಅದು ಯಾರಿಗಾದರೂ ಗೊತ್ತಾಗುವ ತೊಂದರೆ. ಇವನ ತೊಂದರೆ ನಿಧಾನಕ್ಕೆ ಏರೋದು.

ಚಳಿಗಾಲದಲ್ಲಿ ದೂರು ಸ್ವಲ್ಪ ತಣ್ಣಗಾಯಿತು. ಸ್ಟೆಬಿಲೈಸರ್ ಕೆಲಸ ಮಾಡಿತು ಅಂತ ಕಾಕಾ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರು. ಮಾರ್ಚ್ ಬಂತು, ಬಿಸಿಲು ಏರಿತು, ದೂರು ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಆಗ ನನಗೆ ಫೋನ್. ನಾನಿರೋದು ಬಾಗಲಕೋಟೆಯ ನವನಗರದಲ್ಲಿ, ಕಂಪ್ಯೂಟರ್ ಬಿಚ್ಚೋದು ಜೋಡಿಸೋದು ನನ್ನ ಹವ್ಯಾಸ. ವಿಜಯಪುರ ದೂರ ಏನಲ್ಲ.

ಫೋನಲ್ಲೇ ಕೇಳಿದೆ, ಶುರುವಿನಿಂದಲೇ ಹಿಂಗಾ, ಆಮೇಲಾ?

"ಇಲ್ಲಣ್ಣಾ, ಮೊದಲ ಮಸ್ತ್ ಇರ್ತೈತಿ. ನಾಕೈದು ಲ್ಯಾಪ್ ಆದಮ್ಯಾಲ ಕಾರ್ ಜಡ ಆಕೈತಿ. ನಾ ಒತ್ತತೀನಿ, ಅದು ಆಮ್ಯಾಲ ಕೇಳ್ತೈತಿ."

ಒತ್ತುತ್ತೇನೆ, ಅದು ಆಮೇಲೆ ಕೇಳುತ್ತದೆ. ಇಷ್ಟು ಸ್ಪಷ್ಟವಾಗಿ ಯಾವ ಮೀಟರೂ ಹೇಳಲ್ಲ. ಇದನ್ನ ಅವನು ಎಲ್ಲರಿಗೂ ಹೇಳಿದ್ದಾನೆ, ಕೇಳಿದವರು ಮಾತ್ರ "ಬ್ರೇಕ್" ಅನ್ನೋದನ್ನಷ್ಟೇ ಹಿಡಿದುಕೊಂಡಿದ್ದಾರೆ. ನನ್ನ ಅನುಭವದಲ್ಲಿ ಆಟ ಆಡುವವನು ಹೇಳೋ ಲಕ್ಷಣ ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತದೆ, ಅವನು ಹೇಳೋ ಕಾರಣ ಹತ್ತಕ್ಕೆ ಒಂಬತ್ತು ಸಲ ತಪ್ಪಿರುತ್ತದೆ. ಎರಡನ್ನೂ ಒಟ್ಟಿಗೆ ನಂಬಿದರೆ ಕಷ್ಟ, ಒಟ್ಟಿಗೆ ಬಿಟ್ಟರೂ ಕಷ್ಟ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಂಟೆಗೆ 252 ಕಿಲೋಮೀಟರ್ ಅಂದರೆ ಸೆಕೆಂಡಿಗೆ 70 ಮೀಟರ್. ಪರದೆ ಮೇಲೆ ಸೆಕೆಂಡಿಗೆ 60 ಚಿತ್ರ ಬರುತ್ತಿದ್ದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 16.7 ಮಿಲಿಸೆಕೆಂಡ್, ಅಷ್ಟರಲ್ಲಿ ಕಾರು 1.17 ಮೀಟರ್ ಮುಂದೆ ಹೋಗಿರುತ್ತದೆ. ಅದೇ 30ಕ್ಕೆ ಇಳಿದರೆ ಪ್ರತಿ ಚಿತ್ರಕ್ಕೆ 2.33 ಮೀಟರ್. ನಡುವೆ ಎಲ್ಲಾದರೂ 150 ಮಿಲಿಸೆಕೆಂಡ್ ಗಕ್ಕನೆ ನಿಂತು ಮುಂದೆ ಹೋಯಿತು ಅಂದರೆ ಹತ್ತೂವರೆ ಮೀಟರ್ ರಸ್ತೆಯನ್ನ ನೀವು ನೋಡೇ ಇಲ್ಲ. ಬ್ರೇಕ್ ಹಾಕಬೇಕಾದ ಗುರುತು ಕಣ್ಣಿಗೆ ಬೀಳೋದೇ ತಡ, ಒತ್ತೋದೂ ತಡ. ಆಟದ ಒಳಗೆ ಕಾರಿನ ಬ್ರೇಕ್ ಸರಿಯಾಗಿಯೇ ಇದೆ. ಕೂತವನಿಗೆ ಮಾತ್ರ ಬ್ರೇಕ್ ಹಿಡಿಯಲಿಲ್ಲ ಅನ್ನಿಸುತ್ತದೆ, ಯಾಕಂದ್ರೆ ತಾನು ದಿನಾ ಒತ್ತೋ ಜಾಗದಲ್ಲೇ ಒತ್ತಿದೆ ಅಂತ ಅವನ ನಂಬಿಕೆ. ಜನ ಸಾಮಾನ್ಯವಾಗಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರೋ ಚಿತ್ರಗಳ ಸಂಖ್ಯೆ, ಕಡಿಮೆ ಆದರೆ ಚಿತ್ರ ಕೆಡುತ್ತದೆ ಅಂದುಕೊಂಡಿರುತ್ತಾರೆ. ರೇಸಿಂಗ್ ಆಟದಲ್ಲಿ ಮೊದಲು ಕೆಡೋದು ಕೈ.

ಸರಿ, ಒಂದು ಭಾನುವಾರ ಹೋದೆ. ಮನೆಯಲ್ಲಿ ಆಟದ ವ್ಯವಸ್ಥೆ ನೋಡಿದ ಕೂಡಲೇ ಅರ್ಧ ಉತ್ತರ ಕಣ್ಣಿಗೆ ಬಿತ್ತು. ಪಡಸಾಲೆಯಲ್ಲಿ ಟಿವಿ. ಟಿವಿ ಎದುರಿಗೆ ನೆಲದ ಮೇಲೆ ಹತ್ತಿ ತುಂಬಿದ ಗಾದಿ. ಗಾದಿ ಮೇಲೆ ಲ್ಯಾಪ್‌ಟಾಪ್, ಅದರಿಂದ ಟಿವಿಗೆ ಕೇಬಲ್. ಹುಡುಗ ಗೋಡೆಗೆ ಒರಗಿ ಕಂಟ್ರೋಲರ್ ಹಿಡಿದು ಕೂರುತ್ತಾನೆ. ಲ್ಯಾಪ್‌ಟಾಪ್ ಗಾಳಿ ಎಳೆದುಕೊಳ್ಳೋದು ಹೊಟ್ಟೆಯ ಕೆಳಗಿನ ತೂತುಗಳಿಂದ, ಆ ತೂತುಗಳೆಲ್ಲ ಗಾದಿಯೊಳಗೆ ಹುದುಗಿ ಹೋಗಿದ್ದವು. ಮೇಲೆ ಫ್ಯಾನ್ ತಿರುಗುತ್ತಿತ್ತು, ಸರಿ. ಆದರೆ ಏಪ್ರಿಲ್ ಹತ್ತಿರ ಬಂದಾಗ ವಿಜಯಪುರದ ಮಧ್ಯಾಹ್ನದಲ್ಲಿ ಆ ಫ್ಯಾನ್ ತರೋದು ಬಿಸಿ ಗಾಳಿಯನ್ನೇ.

ಅರ್ಧ ಉತ್ತರ ಅಂದೆ. ನೋಡಿದ ತಕ್ಷಣ "ಗಾದಿ ತೆಗಿ" ಅಂತ ಹೇಳಿ ಬಂದುಬಿಡಬಹುದಿತ್ತು. ಆದರೆ ಈ ಮನೆಯಲ್ಲಿ ಅಷ್ಟು ಹೊತ್ತಿಗೆ ಎಲ್ಲರೂ ಊಹೆ ಮೇಲೆ ಊಹೆ ಮಾಡಿ ಹಣ ಕಳೆದಿದ್ದರು, ನಾನೂ ಇನ್ನೊಂದು ಊಹೆ ಸೇರಿಸೋದು ಬೇಡ ಅನ್ನಿಸಿತು. ಅಳತೆ ಮಾಡೋಣ ಅಂದೆ.

ಅಳತೆಗೆ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿದೆ. ಹೆಸರಲ್ಲಿ ಕಂಪನಿ ಇದ್ದರೂ ಯಾವ ಲ್ಯಾಪ್‌ಟಾಪ್‌ನಲ್ಲಾದರೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಅದರ ಜೊತೆ ಬರೋ ರಿವಾಟ್ಯೂನರ್ ಆಟದ ಮೇಲೇ ಮೂಲೆಯಲ್ಲಿ ಸಿಪಿಯು (ಲೆಕ್ಕ ಹಾಕೋ ಮುಖ್ಯ ಚಿಪ್) ಬಿಸಿ, ಅದರ ವೇಗ, ಜಿಪಿಯು (ಗ್ರಾಫಿಕ್ಸ್ ಚಿಪ್) ಬಿಸಿ, ಎಫ್‌ಪಿಎಸ್ ಎಲ್ಲ ತೋರಿಸುತ್ತದೆ. ಎಫ್‌ಪಿಎಸ್ ಅಂಕಿಯ ಬದಲು ಫ್ರೇಮ್‌ಟೈಮ್ ಗೆರೆ, ಅಂದರೆ ಒಂದೊಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡೀತು ಅಂತ ತೋರಿಸೋ ಗೆರೆ, ಹಾಕಿಕೊಳ್ಳಿ ಅಂತ ಯಾರಿಗಾದರೂ ಹೇಳ್ತೀನಿ. ಸೆಕೆಂಡಿನಲ್ಲಿ 59 ಚಿತ್ರ ಸಲೀಸಾಗಿ ಬಂದು ಒಂದು ಮಾತ್ರ ಸಿಕ್ಕಿಹಾಕಿಕೊಂಡರೂ ಸರಾಸರಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಗೆರೆಯಲ್ಲಾದರೆ ಅದು ಮೊಳೆ ಎದ್ದಂತೆ ಕಾಣುತ್ತದೆ.

ಆಟದೊಳಗೂ ಕೆಲವನ್ನ ಕಟ್ಟಿಹಾಕಬೇಕಿತ್ತು. ಟೈರ್ ಸವೆತ ಸೊನ್ನೆ, ಪೆಟ್ರೋಲ್ ಖರ್ಚು ಸೊನ್ನೆ, ಡ್ಯಾಮೇಜ್ ಸೊನ್ನೆ. ಇಲ್ಲದಿದ್ದರೆ ಹತ್ತು ಸುತ್ತಾದ ಮೇಲೆ ಟೈರ್ ಸವೆದು ಕಾರು ನಿಧಾನ ಆಗೋದು ಸಹಜ, ಯಾವುದು ಟೈರಿನಿಂದ ಯಾವುದು ಲ್ಯಾಪ್‌ಟಾಪ್‌ನಿಂದ ಅಂತ ಗೊತ್ತಾಗಲ್ಲ. ಎದುರಾಳಿ ಕಾರುಗಳ ಸಂಖ್ಯೆ ಯಾವಾಗಲೂ ಒಂದೇ. ಮೊಂಜಾ, ಆಪ್ಟಿಮಮ್, ಅದೇ ಝಡ್4.

ಮೊದಲು ಅವನು ದಿನಾ ಹೇಗೆ ಆಡ್ತಾನೋ ಹಾಗೇ ಆಡಿಸಿದೆ, ಗಾದಿ ಮೇಲಿಟ್ಟು, ಟಿವಿಗೆ ಹಾಕಿ. ಶುರುವಿನ ಸುತ್ತುಗಳು 1 ನಿಮಿಷ 56 ಸೆಕೆಂಡಿನ ಆಸುಪಾಸು. ಫ್ರೇಮ್‌ಟೈಮ್ ಗೆರೆ ಮಲಗಿದ ಹಾಗೆ ನೇರ. ಸಿಪಿಯು ಬಿಸಿ ಮಾತ್ರ ಮೆಲ್ಲಗೆ ಏರುತ್ತಿದೆ. ನೂರರ ಹತ್ತಿರ ಬಂದದ್ದೇ ತಡ, ಸಿಪಿಯು ವೇಗ ಅರ್ಧಕ್ಕೆ ಇಳಿಯಿತು. ಇಂಟೆಲ್‌ನ ಇಂಥ ಚಿಪ್‌ಗಳಿಗೆ 100 ಡಿಗ್ರಿ ಕೊನೆ, ಅಲ್ಲಿಗೆ ಬಂದರೆ ಸುಟ್ಟುಹೋಗದಿರಲಿ ಅಂತ ತಾವೇ ವೇಗ ತಗ್ಗಿಸುತ್ತವೆ. ಗೆರೆ ಕುಣಿಯೋಕೆ ಶುರು ಮಾಡಿತು. ಒಂದು ಹೊತ್ತಿನಲ್ಲಿ ಪರದೆ ಮೇಲೆ ಆಟದ್ದೇ ಎಚ್ಚರಿಕೆ ಬಂತು, ಸಿಪಿಯು ಆಕ್ಯುಪೆನ್ಸಿ 99 ಪರ್ಸೆಂಟ್ ಮೀರಿದೆ ಅಂತ. ಸೆಕೆಂಡಿಗೆ 333 ಸಲ ಹಾಕಬೇಕಾದ ಲೆಕ್ಕ ಹೊತ್ತಿಗೆ ಸರಿಯಾಗಿ ಮುಗೀತಿಲ್ಲ ಅಂತ ಅದರ ಅರ್ಥ. "ಇದು ಮೊದಲೂ ಬರ್ತಿತ್ತೇನೋ?" ಅಂತ ಕೇಳಿದೆ. "ಬರ್ತಿತ್ತಣ್ಣಾ, ಆದ್ರ ಅದು ಎಲ್ಲಾರಿಗೂ ಬರ್ತೈತಿ ಅಂತ ಸುಮ್ನ ಇದ್ದೆ" ಅಂದ. ರೆತ್ತಿಫಿಲೊದಲ್ಲಿ ಹೊರಗೆ ಹೋದ. ಮುಂದಿನ ಸುತ್ತಲ್ಲೂ ಹೋದ. ಸುತ್ತಿನ ಸಮಯ ಎರಡು ನಿಮಿಷ ದಾಟಿತು.

ಇಲ್ಲಿ ಕಾಕಾ ಒಂದು ಒಳ್ಳೇ ಪ್ರಶ್ನೆ ಕೇಳಿದರು: ಹುಡುಗನೇ ದಣಿದಿರಬಹುದಲ್ಲ? ಇರಬಹುದು. ಅದಕ್ಕೆ ಅಷ್ಟು ಹೊತ್ತು ಪಕ್ಕದಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದ ಗೆಳೆಯನನ್ನ ಕೂರಿಸಿದೆವು. ಆಟ ನಿಲ್ಲಿಸದೇ, ಮಷಿನ್ ಬಿಸಿ ಇರುವಾಗಲೇ. ಅವನೂ ಇದೇ ಆಟದಲ್ಲಿ ಪಳಗಿದವನು. ಮೊದಲ ಬ್ರೇಕಿಗೇ ಮಣ್ಣಿಗೆ ಹೋಗಿ "ಏ ಇದು ಹಿಡಿಯಂಗಿಲ್ಲಲೇ" ಅಂದ. ಅದೇ ಮಾತು, ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಲ್ಯಾಪ್‌ಟಾಪನ್ನ ಊಟದ ಟೇಬಲ್‌ಗೆ ತಂದು, ಸ್ವಲ್ಪ ಆರಲು ಬಿಟ್ಟು, ಟಿವಿಗೆ ಹಾಕಿಯೇ ಆಡಿಸಿದೆ. ಈ ಸಲ ನೂರು ಮುಟ್ಟೋಕೆ ಬಹಳ ಹೊತ್ತು ಹಿಡಿಯಿತು. ಆದರೆ ಮುಟ್ಟಿತು. ಮತ್ತು ವೇಗ ಸ್ವಲ್ಪವೇ ಇಳಿದರೂ ಆಟ ಜಾಸ್ತಿಯೇ ಕುಂಟುತ್ತಿತ್ತು. ಇದು ಲೆಕ್ಕಕ್ಕೆ ಸರಿ ಬರಲಿಲ್ಲ. ಸೆಟ್ಟಿಂಗ್ ತೆಗೆದು ನೋಡಿದರೆ ವಿ-ಸಿಂಕ್ ಆನ್ ಇದೆ. ಟಿವಿಯಲ್ಲಿ ಚಿತ್ರ ಅಡ್ಡಡ್ಡ ಹರಿದ ಹಾಗೆ ಕಾಣುತ್ತಿತ್ತು ಅಂತ ಯಾವಾಗಲೋ ಹಾಕಿಕೊಂಡಿದ್ದಾನೆ. ಬೆಳಗಾವಿಯವನದು ಆಫ್. "ಎರಡರಲ್ಲೂ ಸೆಟ್ಟಿಂಗ್ ಒಂದೇ" ಅಂತ ಇಬ್ಬರೂ ಅಷ್ಟು ದಿನ ಆಣೆ ಮಾಡಿ ಹೇಳುತ್ತಿದ್ದದ್ದು ಪೂರ್ತಿ ನಿಜ ಆಗಿರಲಿಲ್ಲ.

ವಿ-ಸಿಂಕ್ ಮಾಡೋದಿಷ್ಟು: ಟಿವಿ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬಿಡಿಸುತ್ತದೆ, ಆಟದ ಚಿತ್ರ ಆ ಸರದಿಗೆ ಸರಿಯಾಗಿ ತಯಾರಿರಬೇಕು. ತಯಾರಿಲ್ಲ ಅಂದರೆ ಮುಂದಿನ ಸರದಿವರೆಗೆ ಕಾಯಬೇಕು. 16.7 ಮಿಲಿಸೆಕೆಂಡಿನಲ್ಲಿ ಆಗಬೇಕಾದ ಚಿತ್ರ 18 ತಗೊಂಡರೂ ಪರದೆಗೆ ಬರೋದು 33ಕ್ಕೆ. ಹೀಗಾಗಿ 60ರಿಂದ 55ಕ್ಕೆ ಇಳಿಯೋ ಬದಲು ದಬಕ್ಕನೆ 30ಕ್ಕೆ ಬೀಳುತ್ತದೆ, ಮತ್ತೆ 60ಕ್ಕೆ ಏರುತ್ತದೆ, ಮತ್ತೆ ಬೀಳುತ್ತದೆ. ಬರೀ 30 ಆದರೂ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. ಕ್ಷಣಕ್ಕೊಂದು ಥರ ಆದರೆ ಯಾವ ಕೈಯೂ ಹೊಂದಿಕೊಳ್ಳಲ್ಲ. ಬಿಸಿ ಶುರು ಮಾಡಿದ ತೊಂದರೆಯನ್ನ ವಿ-ಸಿಂಕ್ ದುಪ್ಪಟ್ಟು ಮಾಡಿತ್ತು. ದೀಪಾವಳಿಯಲ್ಲಿ ಬೆಳಗಾವಿಯಲ್ಲಿ ಎಲ್ಲ ಸರಿ ಇದ್ದದ್ದು ಯಾಕೆ ಅಂತ ಈಗ ಅರ್ಥ ಆಗಿರಬೇಕು. ಅಲ್ಲಿ ಗಾದಿ ಇರಲಿಲ್ಲ, ಟಿವಿ ಇರಲಿಲ್ಲ, ಹವೆ ತಂಪಿತ್ತು. ಒಂದೇ ಏಟಿಗೆ ಮೂರೂ ಬದಲಾಗಿದ್ದವು. ಕಾಕಾನ ಕಣ್ಣಿಗೆ ಬಿದ್ದದ್ದು ನಾಲ್ಕನೆಯದು, ಕರೆಂಟು.

ಮೇ ತಿಂಗಳಲ್ಲಿ ಬೆಳಗಾವಿಯವನು ರಜೆಗೆ ವಿಜಯಪುರಕ್ಕೆ ಬಂದ. ನನಗೆ ಬೇಕಾಗಿದ್ದದ್ದೂ ಅದೇ, ಅವನ ಲ್ಯಾಪ್‌ಟಾಪ್ ತರಲೇಬೇಕು ಅಂತ ಹೇಳಿದ್ದೆ. ಊರಿನ ಪಾಲು ಎಷ್ಟು, ಗಾದಿಯ ಪಾಲು ಎಷ್ಟು ಅಂತ ಬೇರೆ ಮಾಡೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಟೇಬಲ್ ಮೇಲೆ, ಅವನದೇ ಸೆಟ್ಟಿಂಗ್‌ನಲ್ಲಿ ಓಡಿಸಿದೆವು. ಬೆಳಗಾವಿಯಲ್ಲಿ ಎಂಬತ್ತರ ಮೇಲೆ ಸ್ವಲ್ಪ ಇರುತ್ತಿದ್ದ ಚಿಪ್ ಇಲ್ಲಿ ತೊಂಬತ್ತು ದಾಟಿ ನಿಂತಿತು. ಇದರಲ್ಲಿ ಮಂತ್ರ ಏನಿಲ್ಲ. ಫ್ಯಾನ್ ವೇಗ, ಕೆಲಸ ಎರಡೂ ಅಷ್ಟೇ ಇದ್ದರೆ ಕೋಣೆ ಎಷ್ಟು ಡಿಗ್ರಿ ಏರಿತೋ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಸಹ್ಯಾದ್ರಿ ಪಕ್ಕ, ಮೇನಲ್ಲೂ ಸಂಜೆಗೆ ಒಂದು ಮಳೆ ಬಿದ್ದರೆ ತಣ್ಣಗಾಗುತ್ತದೆ. ವಿಜಯಪುರದಲ್ಲಿ ಆಗ ಮಧ್ಯಾಹ್ನ 40 ದಾಟೋದು ಹೊಸದಲ್ಲ, ಮನೆಯ ಆರ್‌ಸಿಸಿ ಮಾಳಿಗೆ ರಾತ್ರಿ ಹತ್ತಾದರೂ ಆರಲ್ಲ. ಆದರೂ ಟೇಬಲ್ ಮೇಲೆ ಇದ್ದಷ್ಟು ಹೊತ್ತು ಅವನ ಮಷಿನ್ ಜಗ್ಗಲಿಲ್ಲ. ಬಿಸಿ ಆಯಿತು, ಆಟ ಕೆಡಲಿಲ್ಲ.

ಗಾದಿ ಮೇಲಿಟ್ಟೆವು. ಅವನೇ ಆಡುತ್ತಿದ್ದ, ತಮ್ಮನಿಗೆ ತಿಂಗಳುಗಟ್ಟಲೆ ಬ್ರೇಕ್ ಹೊಡೆಯೋಕೆ ಬರಲ್ಲ ಅಂತ ಹೇಳಿದವನೇ. ಸ್ವಲ್ಪ ಹೊತ್ತಿಗೆ ರೆತ್ತಿಫಿಲೊದಲ್ಲಿ ನೇರ ಮುಂದಕ್ಕೆ ಹೋಗಿ ಬ್ಯಾರಿಯರ್‌ಗೆ ಬಡಿದ. ಮಾತಾಡಲಿಲ್ಲ. ವಿಜಯಪುರದವನ ಮುಖದಲ್ಲಿ ಇದ್ದ ಸಂತೋಷ ಯಾವ ರೇಸ್ ಗೆದ್ದಾಗಲೂ ನಾನು ನೋಡಿಲ್ಲ.

ಆದರೆ ಇನ್ನೊಂದು ಉಳಿದಿತ್ತು. ಅದೇ ಟೇಬಲ್, ಅದೇ ಮಧ್ಯಾಹ್ನ, ಟಿವಿ ಇಲ್ಲದೇ, ವಿ-ಸಿಂಕ್ ಇಲ್ಲದೇ ಓಡಿಸಿದರೂ ವಿಜಯಪುರದ ಮಷಿನ್ ಬೆಳಗಾವಿಯದಕ್ಕಿಂತ ಬೇಗ ಬಿಸಿ ಆಗುತ್ತಿತ್ತು, ಫ್ಯಾನ್ ಮಿಕ್ಸರ್ ಹಚ್ಚಿದ ಹಾಗೆ ಕೂಗುತ್ತಿತ್ತು. ಕಾಕೂನ ತಕರಾರು ಮೊದಲಿನಿಂದಲೂ ಈ ಸದ್ದಿನ ಬಗ್ಗೆಯೇ ಇತ್ತು, ಧಾರಾವಾಹಿ ಕೇಳಿಸಲ್ಲ ಅಂತ. ಯಾರೂ ಅದನ್ನ ಕಿವಿಗೆ ಹಾಕಿಕೊಂಡಿರಲಿಲ್ಲ. ವಾರಂಟಿ ಕಾಗದ ತೆಗೆದು ನೋಡಿದೆ, ಹಿಂದಿನ ಮುಚ್ಚಳ ಬಿಚ್ಚಿ ಕ್ಲೀನ್ ಮಾಡೋಕೆ ಅಡ್ಡಿ ಇರಲಿಲ್ಲ. ಬಿಚ್ಚಿದೆ.

ಎರಡು ಫ್ಯಾನ್. ಪ್ರತಿ ಫ್ಯಾನಿನ ಬಾಯಿಗೆ ತಾಮ್ರದ ತೆಳ್ಳನೆಯ ರೆಕ್ಕೆಗಳ ಸಾಲು, ಗಾಳಿ ಅದರೊಳಗಿಂದ ಹಾದು ಹೊರಗೆ ಹೋಗಬೇಕು. ಎಡಗಡೆ ಫ್ಯಾನ್‌ಗೂ ರೆಕ್ಕೆಗಳಿಗೂ ನಡುವಿನ ಸಂದಿಯಲ್ಲಿ ಬೂದು ಬಣ್ಣದ್ದೇನೋ ಒತ್ತಿ ಕೂತಿತ್ತು. ಚಿಮಟದಿಂದ ಹಿಡಿದು ಎಳೆದರೆ ಮುರಿಯಲಿಲ್ಲ, ಉದುರಲಿಲ್ಲ, ಬೆರಳಿನ ಅಗಲದ ಪಟ್ಟಿಯಾಗಿ ಇಡೀದಾಗಿ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆವು. ಒಳಗೆ ಬಿಳಿ ಎಳೆ, ಮೇಲೆ ಧೂಳು. ಗಾದಿಯ ಹತ್ತಿ. ಒಂದು ವರ್ಷವೂ ಆಗದ ಲ್ಯಾಪ್‌ಟಾಪ್ ಅದು. ಟೇಬಲ್ ಮೇಲೆ ಇಟ್ಟೂ ನೂರು ಮುಟ್ಟಿದ್ದು ಯಾಕೆ ಅಂತ ಅಲ್ಲಿಗೆ ಇತ್ಯರ್ಥ ಆಯಿತು. ಫ್ಯಾನ್ ಸುತ್ತುತ್ತಿತ್ತು, ಗಾಳಿ ಹೋಗೋಕೆ ದಾರಿಯೇ ಇರಲಿಲ್ಲ. ಬಲಗಡೆಯದು ಇಷ್ಟು ಕೆಟ್ಟಿರಲಿಲ್ಲ. ಬ್ರಷ್‌ನಿಂದ ಕ್ಲೀನ್ ಮಾಡಿದೆ, ಫ್ಯಾನ್ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡೇ ಬ್ಲೋವರ್ ಹೊಡೆದೆ. ಹಿಡಿಯದಿದ್ದರೆ ಬ್ಲೋವರ್ ಗಾಳಿಗೆ ಫ್ಯಾನ್ ಹುಚ್ಚಾಪಟ್ಟೆ ತಿರುಗಿ ಹಾಳಾಗಬಹುದು. ಚಿಪ್ಪಿನ ಬಿಸಿಯನ್ನ ತಾಮ್ರಕ್ಕೆ ದಾಟಿಸೋ ಥರ್ಮಲ್ ಪೇಸ್ಟ್ ಮುಟ್ಟಲಿಲ್ಲ, ಅದಿನ್ನೂ ಹೊಸದೇ.

ಮುಂದಿನದೆಲ್ಲ ಸಣ್ಣ ಕೆಲಸ. ಲ್ಯಾಪ್‌ಟಾಪ್‌ಗೆ ಗಾದಿ ಕಾಯಂ ಬಂದ್, ಟಿವಿ ಪಕ್ಕ ಒಂದು ಸ್ಟೂಲು. ಹಿಂದಿನ ಕಾಲುಗಳ ಕೆಳಗೆ ಎರಡು ಕಟ್ಟಿಗೆ ತುಂಡು, ಹೊಟ್ಟೆಯ ಕೆಳಗೆ ಗಾಳಿ ಆಡಲಿ ಅಂತ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ 100ರ ಬದಲು 99. ಒಂದು ಪರ್ಸೆಂಟ್‌ಗೆ ಏನಾಗುತ್ತೆ ಅಂತ ನಗಬೇಡಿ, 99 ಮಾಡಿದರೆ ಚಿಪ್ಪು ತಾನೇ ವೇಗ ಏರಿಸಿಕೊಳ್ಳೋ ಟರ್ಬೊ ಬೂಸ್ಟ್ ಬಂದ್ ಆಗುತ್ತದೆ, ಹತ್ತಾರು ಡಿಗ್ರಿ ಇಳಿಯೋದೂ ಉಂಟು. ಆಟದಲ್ಲಿ ವಿ-ಸಿಂಕ್ ತೆಗೆದು, ರಿವಾಟ್ಯೂನರ್‌ನಲ್ಲಿ ಎಫ್‌ಪಿಎಸ್ 60 ದಾಟದ ಹಾಗೆ ಕಟ್ಟಿಹಾಕಿದೆ. ಕನ್ನಡಿಯ ಪ್ರತಿಬಿಂಬ, ಹೊಗೆ, ನೆರಳು ಒಂದೊಂದು ಮೆಟ್ಟಿಲು ಕೆಳಗೆ. ಎದುರಾಳಿ ಕಾರುಗಳನ್ನ ಅರ್ಧಕ್ಕೆ ಇಳಿಸಿದೆ, ಯಾಕಂದ್ರೆ ಪ್ರತಿ ಎದುರಾಳಿ ಕಾರಿನ ಲೆಕ್ಕವನ್ನೂ ಇದೇ ಸಿಪಿಯು ಹಾಕಬೇಕು. ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿದೆ. ಟಿವಿಗಳು ಬಣ್ಣ ಚೆಂದ ಮಾಡೋಕೆ ಅಂತ ಚಿತ್ರವನ್ನ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡು ತೋರಿಸುತ್ತವೆ, ಗೇಮ್ ಮೋಡ್ ಆ ತಡವನ್ನ ಕಡಿಮೆ ಮಾಡುತ್ತದೆ.

ಅದೇ ಮೇ ಮಧ್ಯಾಹ್ನ ಮತ್ತೆ ಓಡಿಸಿದೆವು. ಸಿಪಿಯು ಎಂಬತ್ತರ ಆಸುಪಾಸಿನಲ್ಲೇ ಆಡಿತು. ಫ್ರೇಮ್‌ಟೈಮ್ ಗೆರೆ ಮೊದಲ ಸುತ್ತಿನಲ್ಲಿ ಹೇಗಿತ್ತೋ ಕೊನೆಯ ಸುತ್ತಿನಲ್ಲೂ ಹಾಗೇ. ಸುತ್ತಿನ ಸಮಯವೂ 1 ನಿಮಿಷ 56ರ ಅಕ್ಕಪಕ್ಕ ಬಿಟ್ಟು ಕದಲಲಿಲ್ಲ. ಹುಡುಗ ಖುಷಿಪಟ್ಟನಾ? ಇಲ್ಲ. "ಅಣ್ಣಾ, ಮೊದಲ ಲ್ಯಾಪ್‌ಟಾಪ್ ಸ್ಕ್ರೀನಿನ್ಯಾಗ 110 ಬರ್ತಿತ್ತು, ನೀ ಬಂದು 60 ಮಾಡಿಟ್ಟಿ" ಅಂದ. ಈ 110ರ ಮೋಹ ಇವನೊಬ್ಬನದಲ್ಲ. ಗೆಳೆಯರಿಗೆ ಸ್ಕ್ರೀನ್‌ಶಾಟ್ ಕಳಿಸೋಕೆ 110 ಚೆನ್ನಾಗಿರುತ್ತದೆ. ಅದು ಬರೋದು ಮಷಿನ್ ತಣ್ಣಗಿರೋ ಮೊದಲ ಐದು ನಿಮಿಷ ಮಾತ್ರ ಅನ್ನೋದು ಸ್ಕ್ರೀನ್‌ಶಾಟ್‌ನಲ್ಲಿ ಕಾಣಲ್ಲ.

ಬಗೆಹರಿಯದೇ ಉಳಿದದ್ದು ಒಂದು. ಆನ್‌ಲೈನ್ ರೇಸ್. ಇವನು ಸೇರಿಕೊಳ್ಳೋ ಸರ್ವರ್‌ಗಳು ಯೂರೋಪಿನವು, ಸಂದೇಶ ಹೋಗಿ ಬರೋಕೆ ಹೊತ್ತು ಹಿಡಿಯುತ್ತದೆ. ಎದುರಿನ ಕಾರು ಇದ್ದಲ್ಲಿ ಇಲ್ಲದೇ ಪಕ್ಕಕ್ಕೆ ಜಿಗಿದ ಹಾಗೆ ಕಾಣುತ್ತದೆ, ಮುಟ್ಟದೇ ಇದ್ದರೂ ಗುದ್ದಿದ ಹಾಗೆ ಆಗುತ್ತದೆ. ಇದಕ್ಕೆ ಸ್ಟೂಲೂ ಇಲ್ಲ, ಕಟ್ಟಿಗೆ ತುಂಡೂ ಇಲ್ಲ. ಹತ್ತಿರದ ಸರ್ವರ್ ಸಿಕ್ಕರೆ ಅದಕ್ಕೆ ಹೋಗು, ಇಲ್ಲಾಂದ್ರೆ ಎದುರಿನವನಿಗೆ ಜಾಗ ಬಿಟ್ಟು ಓಡಿಸು ಅಂದೆ.

ಬೆಳಗಾವಿಯವನು ಈಗಲೂ ಇವನಿಗಿಂತ ಒಂದು ಸೆಕೆಂಡ್ ಮುಂದೆ ಇದ್ದಾನೆ. ಎರಡೂ ಮಷಿನ್ ಅದಲುಬದಲು ಮಾಡಿಸಿ ಆಡಿಸಿದೆ, ಆ ಒಂದು ಸೆಕೆಂಡ್ ಅವನ ಹಿಂದೆಯೇ ಹೋಯಿತು, ಮಷಿನ್ ಹಿಂದೆ ಹೋಗಲಿಲ್ಲ. ರಿಪ್ಲೇ ಹಾಕಿ ನೋಡಿದರೆ ವಿಜಯಪುರದವನು ಪ್ರತಿ ತಿರುವಿಗೂ ಸ್ವಲ್ಪ ಮೊದಲೇ ಬ್ರೇಕ್ ಒತ್ತುತ್ತಾನೆ. ತಿಂಗಳುಗಟ್ಟಲೆ ತಡವಾಗಿ ಕೇಳೋ ಕಾರಿಗೆ ಕೈ ಹಾಗೆ ಪಳಗಿಬಿಟ್ಟಿದೆ. ಅದನ್ನ ಬಿಡಿಸೋಕೆ ಇನ್ನಷ್ಟು ಸುತ್ತು ಓಡಿಸಬೇಕು ಅಷ್ಟೇ. ಅವನ ಯೋಚನೆ ಬೇರೆ. ಈಗ ಲಾಜಿಟೆಕ್ ಜಿ29 ಸ್ಟೀರಿಂಗ್ ಬೇಕಂತೆ, 900 ಡಿಗ್ರಿ ತಿರುಗೋದು, ಕೈಗೆ ರಸ್ತೆಯ ಒದೆತ ಕೊಡೋದು. ಅದನ್ನ ಬಿಗಿಯೋಕೆ ಗಟ್ಟಿ ಟೇಬಲ್ ಬೇಕು, ಸ್ಟೂಲಿಗೆ ಆಗಲ್ಲ. ಕಾಕಾ ನನಗೆ ಫೋನ್ ಮಾಡಿ, ಅದು ತಗೊಂಡರೆ ಇದಕ್ಕಾದರೂ ಸ್ಟೆಬಿಲೈಸರ್ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದರು. ಅದಕ್ಕೂ ಅಡಾಪ್ಟರೇ ಇರೋದು, ಫ್ರಿಜ್‌ಗೆ ಹಾಕಿ ಕಾಕಾ ಅಂದೆ.